ಕಾಲಡಿಯ ಎಳೆಯೊಳಗೆ ಇಷ್ಟೆಲ್ಲ ಇದೆಯೇ!

ಮದುವೆ ಮಂಟಪದಲ್ಲಿ ಹಾಸಿದ ಕಾರ್ಪೆಟ್ಟಿನ ಮೇಲೆ ಸಾಂಬಾರು ಚೆಲ್ಲಿತು ಅನ್ನಿ. ಅಂಗೈಯಗಲದ ಹಳದಿ ಕಲೆ. ಯಾರೋ ಓಡಿಹೋಗಿ ಒಂದು ಚೊಂಬು ನೀರು, ಬಟ್ಟೆ ಸೋಪು ತಂದು ತಿಕ್ಕುತ್ತಾರೆ. ಸುತ್ತ ನಿಂತವರು ಬೆಚ್ಚಿಬೀಳುತ್ತಾರೆ. ಹಳದಿ ಮಾಯ, ಕಡುಗೆಂಪು ಹಾಜರು! ತಿಕ್ಕಿದಷ್ಟೂ ಕೆಂಪು. ಕಾರ್ಪೆಟ್ಟಿನ ಕಥೆ ಮುಗಿಯಿತು ಎಂದು ಕೈಚೆಲ್ಲುವ ಮೊದಲು ಅರ್ಧ ಹೋಳು ನಿಂಬೆಹಣ್ಣು ಹಿಂಡಿ ನೋಡಿ. ಕೆಂಪು ಎತ್ತ ಹೋಯಿತು? ಮತ್ತೆ ಅದೇ ಹಳದಿ!

ಇದರಲ್ಲಿ ಕಣ್ಕಟ್ಟು ಇಲ್ಲ. ಅದೇ ಮಂಟಪದಲ್ಲಿ, ಹತ್ತು ಹೆಜ್ಜೆ ಆಚೆ, ಮುತ್ತೈದೆಯರು ಮದುಮಕ್ಕಳಿಗೆ ಎತ್ತುವ ಆರತಿ ತಟ್ಟೆಯಲ್ಲಿ ಇರುವುದೂ ಇದೇ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಓಕುಳಿ. ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. 1815ರಲ್ಲಿ ಯುರೋಪಿನ ಇಬ್ಬರು ರಸಾಯನ ವಿಜ್ಞಾನಿಗಳು, ವೋಗೆಲ್ ಮತ್ತು ಪೆಲೆಟಿಯೆ, ಅದನ್ನು ಬೇರ್ಪಡಿಸಿದರು. ಅದರ ಒಳರಚನೆ ಗೊತ್ತಾಗಲು 1910ರವರೆಗೆ ಕಾಯಬೇಕಾಯಿತು. ಹುಳಿಯ ಸಂಗದಲ್ಲಿ ಅದು ಹಳದಿ, ಕ್ಷಾರದ ಸಂಗದಲ್ಲಿ ಕೆಂಪು. ಸುಣ್ಣ ಕ್ಷಾರ. ಬಟ್ಟೆ ಸೋಪೂ ಕ್ಷಾರವೇ! ಸೋಪು ಹಾಕಿ ತಿಕ್ಕಿದವರು ತಮಗೆ ಗೊತ್ತಿಲ್ಲದೆಯೇ ಕಾರ್ಪೆಟ್ಟಿಗೆ ಆರತಿ ಎತ್ತಿದ್ದಾರೆ.

ಮೈಸೂರಿನಿಂದ ಊಟಿಯ ಕಡೆಗೆ ಹೊರಟು, ನಂಜನಗೂಡು ದಾಟಿ, ಗುಂಡ್ಲುಪೇಟೆ ಇನ್ನೂ ಬಾರದ ನಡುವೆ ಸಿಗುವ ಬೇಗೂರಿನಲ್ಲಿ ನಿಂತು ಈ ಮಾತು ಹೇಳಬೇಕೆನಿಸಿತು. ಈ ಸೀಮೆಯ ಹೊಲಗಳಲ್ಲಿ ಬೆಳೆಯುವುದು ಅದೇ ಅರಿಶಿನ. ಪಕ್ಕದ ಹೊಲದಲ್ಲಿ ಹತ್ತಿ. ಚಾಮರಾಜನಗರ ಜಿಲ್ಲೆಯ ಉದ್ದಕ್ಕೂ ಹಿಪ್ಪುನೇರಳೆ, ಅದರ ಹಿಂದೆ ರೇಷ್ಮೆ. ಬದುವಿನ ಮೇಲೆ ಕುರಿ. ಗುಂಡ್ಲುಪೇಟೆಯ ದಾರಿಯಲ್ಲಿ ಕಾರು ನಿಲ್ಲಿಸಿ ಜನ ಸೆಲ್ಫಿ ತೆಗೆದುಕೊಳ್ಳುವ ಚೆಂಡುಹೂವಿನ ಹೊಲಗಳು. ಆ ಹೂವು ಮಾಲೆಗಿಂತ ಹೆಚ್ಚಾಗಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಜಗತ್ತಿನ ಎಲ್ಲೋ ಒಂದು ಅರಮನೆಯಲ್ಲಿ ಹಾಸಿದ ರತ್ನಗಂಬಳಿಯ ನೂಲು, ಬಣ್ಣ, ಅದರ ಮೇಲೆ ಬೀಳಬಹುದಾದ ಅತಿ ಹಟಮಾರಿ ಕಲೆ, ಮೂರೂ ಇಲ್ಲಿ ಒಂದೇ ಊರಿನ ಆಸುಪಾಸಿನಲ್ಲಿ ಮಣ್ಣಿನಿಂದ ಏಳುತ್ತಿವೆ!

ಅರಿಶಿನದ ಕಲೆಗೆ ಮದ್ದು ಏನು ಎಂದು ವೃತ್ತಿಯಲ್ಲಿ ಪಳಗಿದ ಕಾರ್ಪೆಟ್ ಕ್ಲೀನರುಗಳನ್ನು ಕೇಳಿದರೆ ಅವರ ಉತ್ತರ ಇನ್ನೂ ಸೋಜಿಗದ್ದು. ಅವರು ಕಲೆಯ ಮೇಲೆ ನೇರಳಾತೀತ ಬೆಳಕಿನ ದೀಪ ಇಟ್ಟು ಕಾಯುತ್ತಾರೆ. ಕರ್ಕ್ಯುಮಿನ್ ಬೆಳಕು ತಾಳದು, ಒಡೆದು ಬಣ್ಣಗೆಡುತ್ತದೆ. ನಮ್ಮ ಅಜ್ಜಿಯರು ಅರಿಶಿನ ಹತ್ತಿದ ಪಂಚೆಯನ್ನು ‘ಬಿಸ್ಲಿಗೆ ಹಾಕವ್ವ, ತಾನಾಗೇ ಹೋಯ್ತದೆ’ ಎಂದು ಬೇಲಿಯ ಮೇಲೆ ಹರವಿಸುತ್ತಿದ್ದರಲ್ಲ, ಅದೇ ವಿದ್ಯೆ. ವ್ಯತ್ಯಾಸ ಇಷ್ಟೇ: ಬಿಸಿಲು ಕಾರ್ಪೆಟ್ಟಿನ ಸ್ವಂತ ಬಣ್ಣವನ್ನೂ ಜೊತೆಗೇ ಒಯ್ಯುತ್ತದೆ, ದೀಪವನ್ನು ಕಲೆಯ ಮೇಲಷ್ಟೇ ಇಡಬಹುದು.

ಆದರೆ ಕಲೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅರಿಶಿನದ ಕೈಯಲ್ಲಿಲ್ಲ, ಎಳೆಯ ಕೈಯಲ್ಲಿದೆ. ಆ ಎಳೆ ಯಾವುದು?

ಇಲ್ಲಿಂದ ಮುಂದೆ ನಾನು ತಲೆಕೆಟ್ಟವನ ಹಾಗೆ ಕಂಡ ಕಂಡ ಹಾಸಿನ ಅಂಚಿನಿಂದ ಎಳೆ ಕಿತ್ತೆ. ಹಳೆಯ ಜಮಖಾನೆಯಿಂದ ಒಂದು, ಕರಿ ಕಂಬಳಿಯಿಂದ ಒಂದು, ಶಾಮಿಯಾನದವರು ಬಾಡಿಗೆಗೆ ಕೊಡುವ ಕೆಂಪು ಹಾಸಿನಿಂದ ಒಂದು, ಮನೆಯ ಹಾಲಿನ ಕಾರ್ಪೆಟ್ಟಿನಿಂದ ಒಂದು. ಸ್ಟೀಲ್ ತಟ್ಟೆ, ಚಿಮುಟ, ಬೆಂಕಿಕಡ್ಡಿ, ಪಕ್ಕದಲ್ಲಿ ಒಂದು ಲೋಟ ನೀರು. ಪ್ರಯೋಗಾಲಯ ಸಿದ್ಧ!

ಜಮಖಾನೆಯ ಎಳೆ ಭಗ್ಗನೆ ಹತ್ತಿ, ಕಾಗದ ಸುಟ್ಟ ವಾಸನೆ ಬಿಟ್ಟು, ಉಫ್ ಎಂದರೆ ಹಾರುವ ಬೂದಿಯಾಯಿತು. ಹತ್ತಿ. ಕಂಬಳಿಯ ಎಳೆಗೆ ಬೆಂಕಿ ಹಿಡಿಯುವುದಕ್ಕೇ ಮನಸ್ಸಿಲ್ಲ. ಚುರುಗುಟ್ಟಿ, ಮುದುಡಿ, ಕಡ್ಡಿ ಆಚೆ ತೆಗೆದ ಕೂಡಲೇ ಆರಿತು. ಮೂಗಿಗೆ ಬಂದದ್ದು ಕೂದಲು ಸುಟ್ಟ ನಾತ. ಉಣ್ಣೆ ಎಂದರೆ ಕೂದಲೇ ತಾನೆ, ಎರಡರಲ್ಲೂ ಇರುವುದು ಅದೇ ಕೆರಾಟಿನ್ ಎಂಬ ಪ್ರೋಟೀನು. ಹಾಲಿನ ಕಾರ್ಪೆಟ್ಟಿನ ಎಳೆ ಉರಿಯುವ ಮೊದಲೇ ಕರಗಿ ಹಿಂದಕ್ಕೆ ಸರಿಯಿತು, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿತು. ಕೆಂಪು ಹಾಸಿನದು ಮೇಣದಬತ್ತಿ ಆರಿಸಿದಾಗ ಬರುವ ವಾಸನೆ ಬಿಟ್ಟು ಕರಗಿತು. ಅದರದೇ ಇನ್ನೊಂದು ಎಳೆಯನ್ನು ಲೋಟದ ನೀರಿಗೆ ಹಾಕಿ, ಬೆರಳಿನಿಂದ ಅದುಮಿ, ಬಿಟ್ಟೆ. ಮೇಲಕ್ಕೆ ಬಂತು! ಮತ್ತೆ ಅದುಮಿದೆ. ಮತ್ತೆ ಬಂತು!

ಈ ತೇಲುವಿಕೆಯೇ ಅದರ ಜಾತಕ. ಹತ್ತಿಯ ಸಾಂದ್ರತೆ 1.54, ಪಾಲಿಯೆಸ್ಟರಿನದು 1.38, ಉಣ್ಣೆಯದು 1.31, ನೈಲಾನಿನದು 1.14. ನೀರಿನದು 1. ಕಾರ್ಪೆಟ್ ಮಾಡುವ ಮುಖ್ಯ ನಾರುಗಳಲ್ಲಿ ನೀರಿಗಿಂತ ಹಗುರವಾದದ್ದು ಒಂದೇ, 0.91ರ ಪಾಲಿಪ್ರೊಪಿಲೀನ್. ಅದನ್ನು ನಾವೆಲ್ಲ ಬೇರೆ ವೇಷದಲ್ಲಿ ಕಂಡಿದ್ದೇವೆ. ಯೂರಿಯಾ ಬರುವ ಹೆಣೆದ ಬಿಳಿ ಚೀಲ ಇದೆಯಲ್ಲ, ಸಾಮಾನ್ಯವಾಗಿ ಅದೂ ಇದೇ ವಸ್ತು. 1954ರಲ್ಲಿ ಇಟಲಿಯ ಜೂಲಿಯೊ ನತ್ತಾ ಅದರ ಅಣುಗಳನ್ನು ಸಾಲಾಗಿ ಜೋಡಿಸುವ ಬಗೆ ಕಂಡು, 1963ರಲ್ಲಿ ಕಾರ್ಲ್ ಜೀಗ್ಲರ್ ಜೊತೆ ನೊಬೆಲ್ ಹಂಚಿಕೊಂಡ. ಅದೇ ಇಂದು ಒಂದು ಕಡೆ ಗೊಬ್ಬರ ಹೊತ್ತು ಬೇಗೂರಿನ ಹೊಲಕ್ಕೆ ಬರುತ್ತದೆ, ಇನ್ನೊಂದು ಕಡೆ ಮದುಮಗಳ ಪಾದದ ಕೆಳಗೆ ಕೆಂಪಾಗಿ ಹಾಸಿಕೊಳ್ಳುತ್ತದೆ. ಕೆಲವು ಶಾಮಿಯಾನ ಹಾಸುಗಳು ಪಾಲಿಯೆಸ್ಟರಿನವು, ಅವು ಮುಳುಗುತ್ತವೆ. ಅವುಗಳಲ್ಲಿ ಎಷ್ಟೋ ಹಾಸುಗಳ ಪೂರ್ವಜನ್ಮ ನೀರಿನ ಬಾಟಲಿ!

ಪಾಲಿಪ್ರೊಪಿಲೀನ್ ನೀರನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಹೊಯ್ದ ನೀರೆಲ್ಲ ಎಳೆಗಳ ನಡುವೆ ನಿಂತು ಬೇಗ ಒಣಗಿಬಿಡುತ್ತದೆ. ಬಣ್ಣವನ್ನೂ ಅದಕ್ಕೆ ಹೊರಗಿನಿಂದ ಹಿಡಿಸಲಾಗದು. ಕರಗಿದ ಪ್ಲಾಸ್ಟಿಕ್ಕಿಗೇ ಬೆರೆಸಿ ಎಳೆ ತೆಗೆಯುತ್ತಾರೆ, ಹಾಗಾಗಿ ಬಣ್ಣ ಎಳೆಯ ನಡುವಿನವರೆಗೂ ಇರುತ್ತದೆ. ಆಹಾ, ಇದಕ್ಕಿಂತ ಒಳ್ಳೆಯ ಹಾಸು ಬೇಕೆ ಎನ್ನುವಷ್ಟರಲ್ಲಿ ಅದರ ಚಪಲ ಹೊರಬೀಳುತ್ತದೆ. ನೀರು ಬೇಡ, ಎಣ್ಣೆ ಮಾತ್ರ ಬೇಕು! ಬಾಳೆಎಲೆಯ ಮೇಲಿನ ಎಣ್ಣೆ, ಬರಿಗಾಲಿನ ಜಿಡ್ಡು, ಎಲ್ಲವನ್ನೂ ಅದು ಬಾಚಿ ತಬ್ಬಿಕೊಳ್ಳುತ್ತದೆ. ಜನ ನಡೆದಾಡುವ ಸಾಲು ವರ್ಷದೊಳಗೆ ಕಪ್ಪಗಾಗುವುದು ಅದರಿಂದ. ಅರಿಶಿನವೂ ನೀರಿಗಿಂತ ಎಣ್ಣೆಯಲ್ಲಿ ಕರಗುವಂಥದು, ಒಗ್ಗರಣೆಯ ಬೆನ್ನೇರಿ ಬಂದರೆ ಒಳಗೆ ಜಾಗ ಮಾಡಿಕೊಳ್ಳುತ್ತದೆ. ಪಲ್ಯ ಹಾಕಿದ ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಎಷ್ಟು ತೊಳೆದರೂ ಹಳದಿಯಾಗಿಯೇ ಉಳಿಯುವುದನ್ನು ಕಂಡಿಲ್ಲವೆ? ಆ ಡಬ್ಬಿಯೂ ಬಹುಮಟ್ಟಿಗೆ ಪಾಲಿಪ್ರೊಪಿಲೀನೇ.

ಇನ್ನು ಹಾಲಿನ ಕಾರ್ಪೆಟ್ಟಿನ ನೈಲಾನ್. ಅದನ್ನು ಪ್ಲಾಸ್ಟಿಕ್ ಎಂದು ಮೂಗುಮುರಿಯುವವರ ಪೈಕಿ ನಾನೂ ಇದ್ದೆ. ಅದರ ಅಣುವಿನ ಚಿತ್ರ ನೋಡಿದ ಮೇಲೆ ಆ ಧೈರ್ಯ ಇಲ್ಲ. ರೇಷ್ಮೆಹುಳು ತನ್ನ ಎಳೆಯಲ್ಲಿ, ಕುರಿ ತನ್ನ ತುಪ್ಪಟದಲ್ಲಿ ಕೊಂಡಿಯಿಂದ ಕೊಂಡಿಗೆ ಹಾಕುವ ಬೆಸುಗೆ ಯಾವುದೋ, ನೈಲಾನಿನಲ್ಲಿರುವುದೂ ಅದೇ ಬೆಸುಗೆ! 1935ರ ಫೆಬ್ರವರಿಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ತಂಡ ಮಾಡಿದ ಆ ವಸ್ತು, ರಸಾಯನದ ವಂಶವೃಕ್ಷದಲ್ಲಿ, ಕೊಳ್ಳೇಗಾಲದ ರೇಷ್ಮೆಗೆ ದಾಯಾದಿ. ಕರೋಥರ್ಸ್ ಪಾಪ, ಅದು ಮಾರುಕಟ್ಟೆಗೆ ಬರುವುದನ್ನು ನೋಡಲೂ ಇರಲಿಲ್ಲ, 1937ರಲ್ಲೇ ತೀರಿಕೊಂಡ. ಈ ರಕ್ತಸಂಬಂಧದಿಂದಲೇ ಉಣ್ಣೆ, ರೇಷ್ಮೆಗೆ ಹಾಕುವ ಆಮ್ಲೀಯ ಬಣ್ಣಗಳು ನೈಲಾನಿಗೂ ಹಿಡಿಯುತ್ತವೆ. ಮಕ್ಕಳು ಚೆಲ್ಲಿದ ಕೆಂಪು ಶರಬತ್ತಿನಲ್ಲಿರುವುದೂ ಅಂಥದೇ ಬಣ್ಣ! ಕಾರ್ಖಾನೆಯಲ್ಲಿ ಆಗಬೇಕಾದ ಬಣ್ಣಗಾರಿಕೆ ಹಾಲಿನಲ್ಲೇ ಆಗಿಹೋಗುತ್ತದೆ.

ಕಾರ್ಪೆಟ್ಟಿಗೆಂದು ಮಾಡಿದ ನೈಲಾನ್ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎಳೆ ದುಂಡಗೆ ಇರುವುದಿಲ್ಲ. ಬಿಲ್ವಪತ್ರೆಯಂತೆ ಮೂರು ದಳ! ಆ ದಳಗಳು ಬೆಳಕನ್ನು ಚೆದುರಿಸಿ ಹೊಳಪು ಕೊಡುತ್ತವೆ, ಜೊತೆಗೆ ಕೊಳೆಯನ್ನು ಕಣ್ಣಿಗೆ ಬೀಳದಂತೆ ಮಾಡುತ್ತವೆ. ಇನ್ನು ಕೆಲವು ಎಳೆಗಳ ಉದ್ದಕ್ಕೂ ನಾಲ್ಕು ಟೊಳ್ಳು ಕೊಳವೆಗಳಿರುತ್ತವೆ, ಅವುಗಳ ಕೆಲಸವೂ ಬೆಳಕಿನ ದಾರಿ ತಪ್ಪಿಸುವುದೇ. ಅಷ್ಟು ಸಣ್ಣ ಎಳೆಯಲ್ಲಿ, ನಿಮ್ಮ ಮನೆ ಎಷ್ಟು ಕೊಳೆಯಾಗಿದೆ ಎಂಬುದನ್ನು ನಿಮ್ಮಿಂದಲೇ ಬಚ್ಚಿಡುವ ಏರ್ಪಾಡು!

ಅಷ್ಟಾದರೂ ಇವೆಲ್ಲ ಕುರಿಯ ಮುಂದೆ ಕೈಕಟ್ಟಿ ನಿಲ್ಲಬೇಕು.

ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಂದೆಯ ಹಿಂದೆ ನಡೆಯುವ ಕುರುಬರನ್ನು ನೆನೆಯಿರಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಅಷ್ಟೇ ಅಲ್ಲ, ತೇವ ಹೀರುವಾಗ ಅದು ಶಾಖವನ್ನು ಹೊರಗೆ ಬಿಡುತ್ತದೆ. ಮಳೆ ಬಂದಾಗ ಬೆಚ್ಚಗಾಗುವ ಬಟ್ಟೆ! ಅದರ ಮೇಲೆ ನೇಕಾರರು ಹುಣಸೆಬೀಜದ ಗಂಜಿ ಬಳಿದು ಕಂಬಳಿಯನ್ನು ಬಿಗಿಗೊಳಿಸುತ್ತಾರೆ, ಹನಿಗಳು ಮೇಲಿಂದಲೇ ಜಾರುತ್ತವೆ. ಕಂಬಳಿಯನ್ನು ಪದೇ ಪದೇ ಒಗೆದರೆ ಆ ಗಂಜಿ ಹೋಗುತ್ತದೆ. ಒಗೆಯದವರನ್ನು ಸೋಮಾರಿಗಳೆಂದು ನಗುವವರು ಇದನ್ನೂ ತಿಳಿದಿರಲಿ.

ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಪೊರೆಗಳಿವೆ, ಎಲ್ಲವೂ ತುದಿಯ ಕಡೆಗೇ ಮುಖ ಮಾಡಿವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಪೊರೆಗಳು ಒಂದರೊಳಗೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಕಾರ್ಪೆಟ್ಟು ಜಡೆಗಟ್ಟಿ ಕುಗ್ಗುತ್ತದೆ. ಕ್ಷಾರ ಅದಕ್ಕೆ ಆಗದು. ಅದಕ್ಕೇ ತಿಳಿದವರು ಉಣ್ಣೆಗೆ ಸೌಮ್ಯವಾದ, ತುಸು ಹುಳಿಯ ಕಡೆಗಿರುವ ದ್ರಾವಣ ಬಳಸುತ್ತಾರೆ, ಒಗೆಯುವ ಸೋಡಾ ಹತ್ತಿರಕ್ಕೂ ತರುವುದಿಲ್ಲ. ಇನ್ನು ಬ್ಲೀಚ್! ಉಣ್ಣೆಯ ಒಂದು ಎಳೆಯನ್ನು ಬ್ಲೀಚ್ ದ್ರಾವಣದಲ್ಲಿ ಬಿಟ್ಟು ನೋಡಿ. ಮೊದಲು ಮೆತ್ತಗಾಗುತ್ತದೆ, ಆಮೇಲೆ ಲೋಳೆ, ಕೊನೆಗೆ ಲೋಟದಲ್ಲಿ ಎಳೆಯೇ ಇಲ್ಲ. ಕಲೆ ತೆಗೆಯಲು ಹೋಗಿ ಕಾರ್ಪೆಟ್ಟನ್ನೇ ತೆಗೆದಂತೆ. ಅದೇ ಬ್ಲೀಚು ಪಾಲಿಪ್ರೊಪಿಲೀನಿನ ಮೇಲೆ ಬಿದ್ದರೆ ಅದು ಕ್ಯಾರೇ ಅನ್ನುವುದಿಲ್ಲ.

ಚಾಮರಾಜನಗರ ಜಿಲ್ಲೆಯಲ್ಲಿ ಕೈಯಿಂದ ಗಂಟು ಹಾಕಿದ ಉಣ್ಣೆಯ ರತ್ನಗಂಬಳಿ ಎಲ್ಲಿ ಬಂತು ಎಂದು ಕೇಳುವವರನ್ನು ನಾನು ಜಿಲ್ಲೆಯ ಇನ್ನೊಂದು ತುದಿಗೆ, ಹನೂರು ಕಡೆಯ ಒಡೆಯರಪಾಳ್ಯಕ್ಕೆ ಕಳಿಸುತ್ತೇನೆ. 1970ರ ದಶಕದಿಂದ ಅಲ್ಲಿ ಟಿಬೆಟ್ಟಿನಿಂದ ಬಂದವರ ನೆಲೆ ಇದೆ, ಹೆಸರು ಧೊಂಡೆನ್‌ಲಿಂಗ್. ಅದಕ್ಕೂ ಹಿಂದೆ, 1960ರ ದಶಕದ ಆರಂಭದಲ್ಲಿ, ಪಿರಿಯಾಪಟ್ಟಣದ ಬಳಿಯ ಬೈಲುಕುಪ್ಪೆ. ಮನೆ, ಮಠ, ದನ ಎಲ್ಲ ಬಿಟ್ಟು ಹಿಮಾಲಯ ದಾಟಿದವರ ಬೆರಳುಗಳಲ್ಲಿ ಒಂದು ವಿದ್ಯೆ ಉಳಿದು ಬಂತು. ಪರ್ಷಿಯಾದ ನೇಕಾರರು ಒಂದೊಂದೇ ಗಂಟು ಹಾಕಿ, ಒಂದೊಂದನ್ನೇ ಕತ್ತರಿಸುತ್ತಾರೆ. ಟಿಬೆಟ್ಟಿನವರು ಮಗ್ಗಕ್ಕೆ ಅಡ್ಡಲಾಗಿ ಒಂದು ಕಂಬಿ ಹಿಡಿದು, ಹಾಸಿನ ನೂಲನ್ನೂ ಕಂಬಿಯನ್ನೂ ಸೇರಿಸಿ ಉಣ್ಣೆ ಸುತ್ತುತ್ತ ಸುತ್ತುತ್ತ ಸಾಲು ಮುಗಿಸುತ್ತಾರೆ. ಆಮೇಲೆ ಸುತ್ತಿಗೆಯಿಂದ ಕಂಬಿಯನ್ನು ಬಡಿದು ಕೂರಿಸಿ, ಅದರ ಉದ್ದಕ್ಕೂ ಚಾಕು ಎಳೆಯುತ್ತಾರೆ. ಸರ್ರನೆ ಇಡೀ ಸಾಲು ಒಟ್ಟಿಗೆ ಬಾಯಿ ಬಿಡುತ್ತದೆ! ಕಂಬಿ ಎಷ್ಟು ದಪ್ಪವೋ ಕಾರ್ಪೆಟ್ಟಿನ ಮೈ ಅಷ್ಟು ಎತ್ತರ. ಆರಡಿ ಉದ್ದ, ಮೂರಡಿ ಅಗಲದ ಮಲಗುವ ಹಾಸು ಅವರಲ್ಲಿ ಬಲು ಪರಿಚಿತ ಅಳತೆ. ಚಳಿ ನಾಡಿನ ಹಾಸಿಗೆ, ಈಗ ನೇಯ್ದದ್ದು ರಾಗಿ, ಜೋಳದ ಹೊಲಗಳ ಪಕ್ಕದಲ್ಲಿ.

ಕನ್ನಡ ನಾಡಿಗೆ ಈ ಕಸುಬು ಹೊಸದೂ ಅಲ್ಲ. ಬಿ. ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿದ ಮೈಸೂರು ಗೆಜೆಟಿಯರ್ ತೆರೆದರೆ ಬೆಂಗಳೂರಿನ ಕಾರ್ಪೆಟ್ಟುಗಳ ಮಾತು ಬರುತ್ತದೆ. ಬಾಳಿಕೆಗೆ ಹೆಸರಾದವು, ಎರಡೂ ಮಗ್ಗುಲಲ್ಲಿ ಒಂದೇ ಚಿತ್ತಾರ! ಮೇಲೆ ಕೊಳೆಯಾದರೆ ಮಗುಚಿ ಹಾಸಿದರಾಯಿತು. ಪರ್ಷಿಯಾ, ತುರ್ಕಿಯ ನಕ್ಷೆಗಳನ್ನು ನೋಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಕೈದಿಗಳು ನೇಯುತ್ತಿದ್ದ ಕಾರ್ಪೆಟ್ಟುಗಳನ್ನಂತೂ ದೇಶದಲ್ಲೇ ಮೇಲಾದವು ಎಂಬ ಅರ್ಥದಲ್ಲಿ ಅದು ಹೊಗಳುತ್ತದೆ. ಉತ್ತರಕ್ಕೆ ಹೋದರೆ ನವಲಗುಂದದ ಜಮಖಾನೆ. ಹತ್ತಿಯ ನೂಲು, ನೆಟ್ಟಗೆ ನಿಂತ ಮಗ್ಗ, ಮುಸ್ಲಿಂ ಮನೆತನಗಳ ಹೆಣ್ಣುಮಕ್ಕಳ ಕೈ, ನವಿಲು, ಪಗಡೆಹಾಸಿನ ಚಿತ್ತಾರ. ಭೌಗೋಳಿಕ ಗುರುತೂ ಸಿಕ್ಕಿದೆ, ನೇಯುವ ಕೈಗಳು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿವೆ.

ಈಗ ತೊಳೆಯುವ ಮಾತು. ಕಾರ್ಪೆಟ್ ತೊಳೆಯುವ ವಿದ್ಯೆಯ ಮೊದಲ ಪಾಠದಲ್ಲಿ ನೀರೇ ಇಲ್ಲ! ಕಾರ್ಪೆಟ್ಟಿನೊಳಗಿನ ಕೊಳೆಯಲ್ಲಿ ಬಹುಪಾಲು ಒಣ ಧೂಳು, ಮರಳು. ಬೇಗೂರಿನ ಹೆದ್ದಾರಿಯ ಬದಿಯಲ್ಲಿ ಅರ್ಧ ಗಂಟೆ ನಿಂತರೆ ಇದಕ್ಕೆ ಸಾಕ್ಷಿ ಬೇಕಾಗಿಲ್ಲ. ಮರಳಿನ ಕಣದ ಚೂಪು ಅಂಚು ಪ್ರತಿ ಹೆಜ್ಜೆಗೂ ಎಳೆಯ ಬುಡವನ್ನು ಗೀರುತ್ತದೆ. ಸವೆದ ಕಾರ್ಪೆಟ್ ಎಂದು ನಾವು ಎಸೆಯುವುದು ಎಷ್ಟೋ ಸಲ ಹೀಗೆ ಕೊಯ್ಯಿಸಿಕೊಂಡ ಕಾರ್ಪೆಟ್ಟು. ಕೆಮ್ಮಣ್ಣಿನ ಮೇಲೆ ನೀರು ಹೊಯ್ದರಂತೂ ಧೂಳು ಕೆಸರಾಗಿ, ಕೆಸರು ಕಲೆಯಾಗಿ, ಮಣ್ಣಿನೊಳಗಿನ ಕಬ್ಬಿಣದ ತುಕ್ಕು ಎಳೆಯನ್ನು ಹಿಡಿದು ಕೂರುತ್ತದೆ. ಒಣಗಲಿ ಬಿಡಿ, ಹಿಂಬದಿಯಿಂದ ಬಡಿಯಿರಿ, ಹೀರಿಸಿರಿ, ಆಮೇಲೆ ನೀರು. ಜಮಖಾನೆಯನ್ನು ಕಾಂಪೌಂಡಿನ ಮೇಲೆ ಹಾಕಿ ಕೋಲಿನಿಂದ ಬಡಿಯುವ ನಮ್ಮ ಹಬ್ಬದ ಮುನ್ನಾದಿನದ ಕಾರ್ಯಕ್ರಮ ಅಪ್ಪಟ ಶಾಸ್ತ್ರೋಕ್ತ!

ಧೂಳು ಹೀರುವ ಯಂತ್ರದ ಕಥೆಯೂ ಸೊಗಸು. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಮಾಡಿದ ಯಂತ್ರ ಮನೆಯೊಳಗೆ ಹಿಡಿಸುತ್ತಿರಲಿಲ್ಲ. ಕುದುರೆಗಳು ಅದನ್ನು ಎಳೆದು ತಂದು ಬೀದಿಯಲ್ಲಿ ನಿಲ್ಲಿಸಿದರೆ, ಕಿಟಕಿಯಿಂದ ಉದ್ದನೆಯ ಕೊಳವೆಗಳನ್ನು ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟುಗಳನ್ನು ಶುಚಿ ಮಾಡಿದ್ದು ಅದೇ.

ನೀರು ಬಂದ ಮೇಲೆ ನಡೆಯುವುದನ್ನು ಜರ್ಮನಿಯ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಂದು ವೃತ್ತದೊಳಗೆ ಹಾಕಿಟ್ಟ: ಕಾಲ, ಶಾಖ, ರಸಾಯನ, ತಿಕ್ಕಾಟ. ಒಂದನ್ನು ಕಡಿಮೆ ಮಾಡಿದರೆ ಉಳಿದ ಯಾವುದನ್ನಾದರೂ ಹೆಚ್ಚಿಸಬೇಕು. ಉಣ್ಣೆಗೆ ಶಾಖವೂ ತಿಕ್ಕಾಟವೂ ಬೇಡವೆ? ಹಾಗಿದ್ದರೆ ಕಾಯಿರಿ. ಎಂಥ ಸರಳ ಲೆಕ್ಕ! ಮೈಸೂರು, ಬೆಂಗಳೂರಿನಲ್ಲಿ ಮನೆಗೆ ಬರುವ ಕ್ಲೀನಿಂಗ್ ಹುಡುಗರು ಸ್ಟೀಮ್ ಮಾಡುತ್ತೇವೆ ಎನ್ನುತ್ತಾರಲ್ಲ, ಬಹಳ ಸಲ ಅಲ್ಲಿ ಹಬೆ ಇರುವುದೇ ಇಲ್ಲ. ಬಿಸಿನೀರನ್ನು ಒತ್ತಡದಿಂದ ಚಿಮ್ಮಿಸಿ, ಅದೇ ಗಳಿಗೆಯಲ್ಲಿ ಕೊಳೆಯ ಸಮೇತ ಮರಳಿ ಹೀರುವುದು, ಅಷ್ಟೆ. ಚಿಮ್ಮಿಸುವುದು ಯಾರಿಗಾದರೂ ಬರುತ್ತದೆ. ಹೀರುವುದರಲ್ಲಿ ಕಸುಬು ಇದೆ. ನೀರು ಉಳಿದುಬಿಟ್ಟರೆ ಕಾರ್ಪೆಟ್ಟಿನ ಹಿಂಬದಿಯ ಸೆಣಬು ನೆನೆದು, ಅದರೊಳಗಿನ ಕಂದು ಬಣ್ಣ ನೀರಿನ ಜೊತೆ ಎಳೆ ಹತ್ತಿ, ತುದಿಯಲ್ಲಿ ನೀರು ಆರಿ, ಬಣ್ಣ ಅಲ್ಲೇ ನಿಲ್ಲುತ್ತದೆ. ಸಂಜೆ ತೊಳೆದಾಗ ಫಳಫಳ, ಬೆಳಿಗ್ಗೆ ಎದ್ದರೆ ಚಹಾ ಚೆಲ್ಲಿದ ಬಣ್ಣ! ಮನೆಯವರು ಹುಡುಗರನ್ನು ಬೈಯುತ್ತಾರೆ, ಹುಡುಗರು ಕಾರ್ಪೆಟ್ಟನ್ನು ಬೈಯುತ್ತಾರೆ. ಇದಕ್ಕೂ ಹುಳಿಯೇ ಮದ್ದು, ಸಿಟ್ರಿಕ್ ಆಮ್ಲದ ತೆಳು ದ್ರಾವಣ, ಜೊತೆಗೊಂದು ಫ್ಯಾನು.

ಹುಳಿಗೂ ಬಗ್ಗದ ಒಂದು ನಾರು ಇದೆ, ಅದರ ಹೆಸರು ಕೇಳಿದರೆ ಪಳಗಿದ ಕ್ಲೀನರುಗಳೂ ಮುಖ ಸಿಂಡರಿಸುತ್ತಾರೆ. ಅಂಗಡಿಯಲ್ಲಿ ಅದಕ್ಕೆ ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಎಂಬ ಚಂದದ ಹೆಸರುಗಳು. ಅಸಲಿಗೆ ಅದು ವಿಸ್ಕೋಸ್, ಮರದ ತಿರುಳನ್ನು ಕರಗಿಸಿ ಎಳೆದ ಸೆಲ್ಯುಲೋಸ್. ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ. ಅದೇ ಸೆಲ್ಯುಲೋಸಿನಿಂದಲೇ ಆದ ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದ ಹತ್ತಿರ ಹತ್ತಿರ ಅರ್ಧವನ್ನು ಕಳೆದುಕೊಳ್ಳುತ್ತದೆ. ಒಂದು ಲೋಟ ನೀರು ಚೆಲ್ಲಿದರೂ ಹೊಳಪು ಹೋಗಿ, ಎಳೆ ಮಲಗಿ, ಹಳದಿಗಟ್ಟುತ್ತದೆ. ಕೊಳ್ಳುವ ಮೊದಲು ಅಂಚಿನಿಂದ ಒಂದು ಎಳೆ ಕೇಳಿ ಪಡೆಯಿರಿ, ಬೆರಳಿಗೆ ಸುತ್ತಿ ಎಳೆಯಿರಿ, ಆಮೇಲೆ ನಾಲಿಗೆಯಲ್ಲಿ ಒದ್ದೆ ಮಾಡಿ ಇನ್ನೊಮ್ಮೆ ಎಳೆಯಿರಿ. ಒಣಗಿದ್ದಾಗ ಬೆರಳು ಕೊಯ್ಯುವಷ್ಟು ಬಿಗಿಯಾಗಿದ್ದದ್ದು ಒದ್ದೆಯಾದ ಮೇಲೆ ಪಟಕ್ಕನೆ ತುಂಡಾಯಿತೆ? ಅಂಗಡಿಯವರು ಎಷ್ಟೇ ರೇಷ್ಮೆ ಎನ್ನಲಿ, ಕೊಳ್ಳೇಗಾಲ ಇಲ್ಲಿಂದ ಬಸ್ಸಿನ ದೂರ. ನಿಜವಾದ ರೇಷ್ಮೆಯ ಎಳೆ ಒಂದನ್ನು ಅಲ್ಲಿಂದ ತಂದು ಪಕ್ಕದಲ್ಲಿಟ್ಟು ಸುಟ್ಟು ತೋರಿಸಬಹುದು. ಒಂದರಲ್ಲಿ ಕೂದಲಿನ ನಾತ, ಇನ್ನೊಂದರಲ್ಲಿ ಕಾಗದದ ಹೊಗೆ.